ಶ್ರೀಮಾನ್ ವಿ. ಪಿ. ಮೆನೋನರ ಜೀವನಚರಿತ್ರೆ

ಕಾಯಕದಲ್ಲಿ ಹಿರಿದು ಕಿರಿದೆಂಬ ಭೇದವನ್ನೆಣಿಸದ ಶರಣಬಂಧುಗಳಿಗೆ, ಗುಮಾಸ್ತೆಯಾಗಿ ಸರಕಾರದ ಬಾಗಿಲನ್ನು ಹೊಕ್ಕು, ಐದುನೂರಕ್ಕೂ ಮಿಕ್ಕ ಸಂಸ್ಥಾನಗಳನ್ನು ಭಾರತದಲ್ಲಿ ಕೂಡಿಸುವ ಮಹತ್ಕಾರ್ಯದಲ್ಲಿ ಸರದಾರ ವಲ್ಲಭಭಾಯಿ ಪಟೇಲರ ಬಲಗೈಯಾಗಿದ್ದ ಶ್ರೀಮಾನ್ ವಿ. ಪಿ. ಮೆನೋನರ ಚರಿತ್ರೆಯು ಪರಕೀಯವೆನಿಸಲಾರದು.

ಇವರು 1893ನೆಯ ಇಸವಿ ಸೆಪ್ಟೆಂಬರ 30ರಂದು ಮಲಬಾರಿನ ಒಟ್ಟಪಾಲದಲ್ಲಿ ಜನ್ಮವೆತ್ತಿದರು. ತಂದೆಯವರು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರೂ ಮಗನ ವಿದ್ಯಾಭ್ಯಾಸವು ಪೂರ್ಣವಾಗಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ಬಿಟ್ಟು, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿಯೂ ಕೆಲಕಾಲ ದುಡಿದು, 1914ರಲ್ಲಿ ಭಾರತ ಸರಕಾರದ ಗೃಹಖಾತೆಯಲ್ಲಿ ಕಾರಕೂನರಾದರು.

ಮುಂದೆ ರಾಜ್ಯಾಂಗ ಸುಧಾರಣೆಗಳ ಕಚೇರಿಯೇ ಅವರ ಪಾಠಶಾಲೆಯಾಯಿತು. ಶಾಸನಸಭೆಗಳ ರಚನೆ, ಮತದಾನದ ಹಕ್ಕು, ಪ್ರಾಂತಗಳ ಅಧಿಕಾರ ಇವುಗಳನ್ನು ಕುರಿತ ಕಾಗದಪತ್ರಗಳೆಲ್ಲವೂ ಅವರ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಕೀರ್ತಿಯು ಸಹಿ ಮಾಡಿದವರದು, ಶ್ರಮವು ಬರೆದವರದು. ಕಚೇರಿಗಳ ರೀತಿಯೇ ಹಾಗೆ. ಪದವಿಯಾಗಲಿ ಐ. ಸಿ. ಎಸ್. ಮುದ್ರೆಯಾಗಲಿ ಇಲ್ಲದ ಈತನೇ 1942ರಲ್ಲಿ ಸುಧಾರಣಾ ಕಮಿಶನರರಾಗಿ, ವೈಸರಾಯರಿಗೆ ರಾಜ್ಯಾಂಗದ ವಿಷಯದಲ್ಲಿ ಸಲಹೆಗಾರರಾದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ.

1947ರ ಮೇ ತಿಂಗಳಲ್ಲಿ ಅವರ ವಿದ್ಯೆಯು ಒರೆಗೆ ಹತ್ತಿತು. ಅಧಿಕಾರವನ್ನು ಪ್ರಾಂತಗಳಿಗೆ ಬೇರೆಬೇರೆಯಾಗಿ ವಹಿಸುವ ಯೋಜನೆಯೊಂದನ್ನು ಲಾರ್ಡ್ ಮೌಂಟಬ್ಯಾಟನ್ನರು ಸಿಮ್ಲೆಯಲ್ಲಿ ಪಂಡಿತ ನೆಹರೂರವರಿಗೆ ತೋರಿಸಲು, ದೇಶವು ಚೂರುಚೂರಾಗುವುದೆಂದು ಅವರು ಅದನ್ನು ನಿರಾಕರಿಸಿದರು. ವೈಸರಾಯರು ದಿಕ್ಕುಗಾಣದಾದರು. ಎರಡು ಡೊಮಿನಿಯನ್ನುಗಳಿಗೆ ಅಧಿಕಾರವನ್ನೊಪ್ಪಿಸುವ ಬೇರೊಂದು ಯೋಜನೆಯನ್ನು ಮೆನೋನರು ಮೊದಲೇ ಮನಸ್ಸಿನಲ್ಲಿ ಹದಗೊಳಿಸಿದ್ದರು. ಕೆಲವೇ ತಾಸುಗಳಲ್ಲಿ, ಸಂಜೆಯೊಳಗಾಗಿ, ಅದರ ಕರಡನ್ನು ಬರೆದು ಮುಗಿಸಿದರು. ಜೂನ್ 3ರ ಘೋಷಣೆಗೆ ಅದೇ ತಳಹದಿ. ವಿಭಜನೆಯ ದುಃಖವು ಅದರಲ್ಲಿ ಅಡಗಿತ್ತೆಂಬುದನ್ನು ನಾವು ಮರೆಯಲಾಗದು.

ಜುಲೈ 5ರಂದು ಸಂಸ್ಥಾನಗಳ ಖಾತೆಯು ಸ್ಥಾಪಿತವಾಗಲು, ಸರದಾರರು ಅದರ ಮಂತ್ರಿಗಳಾಗಿ ಮೆನೋನರನ್ನು ಕಾರ್ಯದರ್ಶಿಯನ್ನಾಗಿ ಆರಿಸಿಕೊಂಡರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕಸಾಧನ ಈ ಮೂರನ್ನು ಮಾತ್ರ ಬಿಟ್ಟುಕೊಡಿರೆಂದು ಅರಸರಿಗೆ ಮೊದಲು ಕೇಳಲಾಯಿತು. ಹೆಚ್ಚಿನವರು ಆಗಸ್ಟ್ 15ರೊಳಗೆ ಸಹಿ ಹಾಕಿದರು. ಆಮೇಲೆ ವಿಲೀನದ ಮಾತು ಬಂದಿತು. ಡಿಸೆಂಬರದಲ್ಲಿ ಒರಿಸ್ಸಾದ ಅರಸರನ್ನು ಕಟಕದಲ್ಲಿ ಒಪ್ಪಿಸಿದ ಬಗೆಯನ್ನು ನೋಡಿದರೆ, ಎಲ್ಲರೂ ಮನಃಪೂರ್ವಕವಾಗಿ ಒಪ್ಪಿದರೆನ್ನುವುದು ಸತ್ಯಕ್ಕೆ ದೂರ. ಮೆನೋನರ ವಿನಯದ ಹಿಂದೆ ಸರಕಾರದ ಬಲವೂ ನಿಂತಿತ್ತು. ಆದರೂ ರಕ್ತಪಾತವಿಲ್ಲದೆ ಸಿಂಹಾಸನಗಳು ತೆರವಾದವು. ನಮ್ಮ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಅವು ಕನ್ನಡ ರಾಜ್ಯಕ್ಕೆ ಬರಲು ಈ ವಿಲೀನವು ಮೊದಲ ಮೆಟ್ಟಿಲೆಂಬುದು ನಮ್ಮ ಎಣಿಕೆ. ಹೈದರಾಬಾದು ಮಾತಿಗೆ ಮಣಿಯಲಿಲ್ಲ. ಸೆಪ್ಟೆಂಬರದಲ್ಲಿ ಸೈನ್ಯವೇ ಹೋಗಬೇಕಾಯಿತು.

1950ರ ಡಿಸೆಂಬರ 15ರಂದು ಸರದಾರರು ಲಿಂಗೈಕ್ಯರಾದಂತೆ ಮೆನೋನರ ಆಶ್ರಯವೂ ಅಳಿಯಿತು. 1951ರಲ್ಲಿ ಕೆಲವು ತಿಂಗಳು ಒರಿಸ್ಸಾದ ಹಂಗಾಮಿ ರಾಜ್ಯಪಾಲರಾಗಿದ್ದು, ಬಳಿಕ ಬೆಂಗಳೂರಿನಲ್ಲಿ ನೆಲಸಿ, ಸಂಸ್ಥಾನಗಳ ವಿಲೀನವನ್ನೂ ಅಧಿಕಾರದ ಹಸ್ತಾಂತರವನ್ನೂ ಕುರಿತು ಎರಡು ಬೃಹದ್ಗ್ರಂಥಗಳನ್ನು ರಚಿಸಿದರು. 1965ರ ಡಿಸೆಂಬರ 31ರಂದು ಆ ನಗರದಲ್ಲಿಯೇ ದೇಹವಿಟ್ಟರು.

ರಾಜ್ಯವನ್ನು ಬಿಟ್ಟುಕೊಟ್ಟ ಅರಸರಿಗೆ ರಾಜಧನವನ್ನು ಸಲ್ಲಿಸುವೆವೆಂದು ಸರಕಾರದ ಪರವಾಗಿ ಮಾತು ಕೊಟ್ಟವರಲ್ಲಿ ಮೆನೋನರು ಮುಖ್ಯರು. ಆ ವಚನವು ರಾಜ್ಯಾಂಗದಲ್ಲಿಯೂ ಸೇರಿತ್ತು. 1971ರಲ್ಲಿ 26ನೆಯ ತಿದ್ದುಪಡಿಯಿಂದ ಅದು ರದ್ದಾಯಿತು; ಅದನ್ನು ಕಾಣಲು ಅವರು ಇರಲಿಲ್ಲ.