ರಾಜಾ ರವಿವರ್ಮ: ಚಿತ್ರದಲ್ಲಿಲ್ಲದ ತಂದೆ

ರವಿವರ್ಮರ ಹೆಸರನ್ನು ಕೇಳದವರ ಮನೆಯಲ್ಲಿಯೂ ಅವರ ಲಕ್ಷ್ಮಿ, ಸರಸ್ವತಿಯರಿದ್ದಾರೆ. ನಮ್ಮ ದೇಶನೂರಿನಲ್ಲಿ ದೇವರ ಜಗಲಿಯ ಮೇಲೆ ಅಂಥ ಪಟಗಳನ್ನು ನೋಡುತ್ತಲೇ ನಾನು ಬೆಳೆದೆ. ಆದರೆ ಆ ಮಹನೀಯರು ದೇವತೆಗಳನ್ನಷ್ಟೇ ಅಲ್ಲದೆ, ಮನೆಯೊಳಗಿನ ಹೆಂಗಸರನ್ನೂ ಬರೆದರು. ಅವುಗಳಲ್ಲೊಂದು ಚಿತ್ರವು ನನ್ನನ್ನು ಬಹುವಾಗಿ ಸೆಳೆದಿದೆ.

1848ರ ಏಪ್ರಿಲ್ 29ರಂದು ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಜನಿಸಿದ ರವಿವರ್ಮರಿಗೆ ಸೋದರಮಾವ ರಾಜರಾಜವರ್ಮರೇ ಮೊದಲ ಗುರು. 1866ರಲ್ಲಿ ಮಾವೇಲಿಕರದ ಭಾಗೀರಥಿಯವರೊಡನೆ ವಿವಾಹವಾಯಿತು. 1873ರಲ್ಲಿ, ಹೂ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರವು ವಿಯೆನ್ನಾದಲ್ಲಿ ಬಹುಮಾನ ಗಳಿಸಿತು. ಮುಂದೆ ಬರೋಡಾ, ಮೈಸೂರು ಮೊದಲಾದ ಆಸ್ಥಾನಗಳ ಕರೆ ಬಂದವು. ಅವರು ಊರೂರು ಅಲೆದರು. ಮಕ್ಕಳು ತಾಯಿಯ ಮನೆಯಲ್ಲಿ ಬೆಳೆದರು. 1891ರಲ್ಲಿ ಭಾಗೀರಥಿಯವರು ತೀರಿಕೊಂಡರು.

ಎರಡು ವರ್ಷಗಳ ತರುವಾಯ, 1893ರಲ್ಲಿ, ರವಿವರ್ಮರು ಬರೆದ ಚಿತ್ರವೇ ‘ಅಗೋ, ಅಪ್ಪ ಬಂದರು’. ಮನೆಯೊಳಗೆ ತಾಯಿ ನಿಂತಿದ್ದಾಳೆ. ಕೈಯಲ್ಲಿ ಕೂಸು, ಕಾಲ ಬಳಿ ನಾಯಿ. ಅವಳು ಕೂಸಿಗೆ ಯಾರನ್ನೋ ತೋರಿಸುತ್ತಿದ್ದಾಳೆ. ಆದರೆ ಹೆಸರಿನಲ್ಲಿರುವ ಅಪ್ಪ ಚಿತ್ರದಲ್ಲಿಲ್ಲ! ಇದಕ್ಕೆ ರೂಪ ಕೊಟ್ಟವರು ಕಲಾವಿದರ ಮಗಳು ಮಹಾಪ್ರಭಾ ಮತ್ತು ಮೊಮ್ಮಗ.

ಗಂಡನಿಗಾಗಿ ಕಾಯುವ ಸತಿಯ ಚಿತ್ರವೆಂದು ಇದನ್ನು ಸುಲಭವಾಗಿ ಹೇಳಿಬಿಡಬಹುದು. ನನಗೆ ಅಷ್ಟು ಸಾಲದೆನಿಸುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದಂತೆ, ಅವರ ವಂಶದಲ್ಲಿಯೂ ಮನೆತನವು ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಮನೆ ಹೆಂಗಸಿನದು, ಗಂಡನಾದವನು ಬಂದು ಹೋಗುವವನು. ಆದ್ದರಿಂದ ಈ ತಾಯಿ ಆಶ್ರಯ ಬೇಡಿ ನಿಂತವಳಲ್ಲ. ತನ್ನ ಮನೆಗೆ ಬರುವವನ ಗುರುತನ್ನು ಮಗುವಿಗೆ ಹೇಳಿಕೊಡುವವಳು. ಬಂದು ಹೋಗುವ ತಂದೆಯ ಬಾಳನ್ನು ರವಿವರ್ಮರು ತಾವೇ ಬಾಳಿದ್ದರು. ಹೆಂಡತಿಯನ್ನು ಕಳೆದುಕೊಂಡ ಮೇಲೆ, ಮಗಳಲ್ಲಿ ಅವರು ಕಂಡದ್ದು ತಮ್ಮ ದಾರಿ ನೋಡುತ್ತಿದ್ದ ಮನೆಯನ್ನೇ ಇರಬಹುದೆಂದು ನನ್ನ ಭಾವನೆ.

ಅದೇ ವರ್ಷ ಚಿಕಾಗೋ ಪ್ರದರ್ಶನಕ್ಕೆ ಹೋದ ಅವರ 10 ಚಿತ್ರಗಳಲ್ಲಿ ಇದೂ ಒಂದು. 1894ರಲ್ಲಿ ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಮುದ್ರಣಾಲಯವು ಬಡವರ ಗೋಡೆಗೂ ದೇವರ ಪಟಗಳನ್ನು ತಲುಪಿಸಿತು. 1906ರ ಅಕ್ಟೋಬರ್ 2ರಂದು ರವಿವರ್ಮರು ಕಾಲವಾದರು. ಮಹಾಪ್ರಭಾ ಅವರ ಮಗಳು ಸೇತು ಲಕ್ಷ್ಮೀಬಾಯಿಯವರು ತಿರುವಾಂಕೂರಿನ ರಾಜಮನೆತನಕ್ಕೆ ದತ್ತಾಗಿ ಹೋಗಿ, 1924ರಿಂದ 1931ರವರೆಗೆ ಆ ರಾಜ್ಯವನ್ನಾಳಿದರು; ಕೊನೆಗೆ ನಮ್ಮ ಬೆಂಗಳೂರಿನಲ್ಲಿ ನೆಲೆಸಿ, 1985ರಲ್ಲಿ ಅಲ್ಲಿಯೇ ತೀರಿಕೊಂಡರು. ಚಿತ್ರದ ಆ ತಾಯಿಯ ನಿಲುವಿನಲ್ಲಿ ದೈನ್ಯವಿಲ್ಲದ್ದು ಏಕೆಂಬುದು ಈ ಸಂಗತಿಯಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.