ಒಂದು ಕಥೆಯಿಂದ ಉಳಿದ ಹೆಸರು: ಪಂಡಿತ ಗುಲೇರಿ

ನೂರಾರು ಕಥೆಗಳನ್ನು ಬರೆದೂ ಮರೆಯಾದವರು ಅನೇಕರು. ಒಂದು ಕಥೆಯಿಂದಲೇ ಉಳಿದವರು ವಿರಳ. ಹಿಂದಿಯ ಪಂಡಿತ ಚಂದ್ರಧರ ಶರ್ಮಾ ಗುಲೇರಿಯವರು ಈ ವಿರಳರಲ್ಲೊಬ್ಬರು.

ಗುಲೇರಿಯವರು 1883ರ ಜುಲೈ 7ರಂದು ಜಯಪುರದಲ್ಲಿ ಜನಿಸಿದರು. ಪೂರ್ವಿಕರ ಊರು ಕಾಂಗಡಾ ಸೀಮೆಯ ಗುಲೇರ್. ಅದರಿಂದಲೇ ಆ ಹೆಸರು. ತಂದೆ ಶಿವರಾಮರು ಜಯಪುರದ ಅರಸರಿಂದ ಮಾನ್ಯರಾದ ವಿದ್ವಾಂಸರು. ಜಯಪುರದ ಜಂತರ್ ಮಂತರ್ ವೇಧಶಾಲೆಯ ಜೀರ್ಣೋದ್ಧಾರದಲ್ಲಿ ಮಗನೂ ದುಡಿದನು. 1902ರಲ್ಲಿ ಕ್ಯಾಪ್ಟನ್ ಗ್ಯಾರೆಟ್ಟರೊಡನೆ ಅದನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಹೊರತಂದಾಗ ಅವರಿಗೆ ನಮ್ಮಷ್ಟೂ ವಯಸ್ಸಾಗಿರಲಿಲ್ಲ. ತರುವಾಯ 'ಸಮಾಲೋಚಕ' ಪತ್ರಿಕೆಯ ಸಂಪಾದಕರಾದರು. ಅಜ್ಮೀರದ ಮೇಯೋ ಕಾಲೇಜಿನಲ್ಲಿ ಅಧ್ಯಾಪಕರಾದರು.

1914ರಲ್ಲಿ ಮಹಾಯುದ್ಧ ಸಿಡಿಯಿತು. ಪಂಜಾಬಿನ ಸಿಪಾಯಿಗಳು ಫ್ರಾನ್ಸಿನ ಕೆಸರುಗಂದಕಗಳಲ್ಲಿ ಚಳಿಗೆ ನಡುಗುತ್ತಿದ್ದರು. ಬಂದೂಕು ಹಿಡಿಯದ ಈ ಪಂಡಿತರು ಅವರ ಕಥೆಯನ್ನೇ ಬರೆದರು. 1915ರ ಜೂನ್ ತಿಂಗಳ 'ಸರಸ್ವತಿ' ಪತ್ರಿಕೆಯಲ್ಲಿ 'ಉಸನೇ ಕಹಾ ಥಾ' ಪ್ರಕಟವಾಯಿತು. 'ಅವಳು ಹೇಳಿದ್ದಳು' ಎಂದು ಅದರ ಅರ್ಥ. ಯಾರು, ಏನು ಹೇಳಿದಳು? ಕುತೂಹಲ ಹೆಸರಿನಲ್ಲಿಯೇ ಮೊದಲಾಗುತ್ತದೆ.

ಕಥೆ ತೆರೆಯುವುದು ಯುದ್ಧಭೂಮಿಯಲ್ಲಲ್ಲ, ಅಮೃತಸರದ ಪೇಟೆಯಲ್ಲಿ. ಹುಡುಗನೊಬ್ಬ ಹುಡುಗಿಯನ್ನು ಕಂಡಾಗಲೆಲ್ಲ ನಿಶ್ಚಿತಾರ್ಥವಾಯಿತೇ ಎಂದು ಕೆಣಕುತ್ತಾನೆ. ಒಂದು ದಿನ ಅವಳು ಹೌದೆನ್ನುತ್ತಾಳೆ. ಅಲ್ಲಿಗೆ ತೆರೆ ಬೀಳುತ್ತದೆ. ಮುಂದೆ ಇಪ್ಪತ್ತೈದು ವರ್ಷಗಳ ಅನಂತರ, ಕಂದಕದಲ್ಲಿ ಜಮಾದಾರ ಲಹನಾಸಿಂಹ ತನ್ನ ಬೆಚ್ಚನೆಯ ಉಡುಪನ್ನು ಸುಬೇದಾರನ ರೋಗಿ ಮಗನಿಗೆ ಹೊದಿಸುತ್ತಿದ್ದಾನೆ. ಏಕೆಂದು ಕಥೆಗಾರರು ಹೇಳುವುದಿಲ್ಲ.

ಅಷ್ಟರಲ್ಲಿ ಸಾಹೇಬನೊಬ್ಬ ಬಂದು ಸುಬೇದಾರನನ್ನೂ ಬಹುಪಾಲು ಸೈನಿಕರನ್ನೂ ಹೊರಗೆ ಕಳುಹಿಸುತ್ತಾನೆ. ಸಿಖ್ಖನಿಗೆ ಸಿಗರೇಟು ನೀಡುವ ಸಾಹೇಬನೇ? ಲಹನಾಸಿಂಹ ಹಳೆಯ ಬೇಟೆಯ ಮಾತೆತ್ತಿ ಸುಳ್ಳು ಬೆರೆಸಿ ಕೇಳುತ್ತಾನೆ. ಸಾಹೇಬ ಎಲ್ಲಕ್ಕೂ ಹೌದೆನ್ನುತ್ತಾನೆ. ಅವನು ವೇಷ ಹಾಕಿದ ಜರ್ಮನನೆಂದು ನಮಗೂ ಲಹನಾಸಿಂಹನಿಗೂ ತಿಳಿಯಿತು. ಹೊರಟ ಸುಬೇದಾರನಿಗೆ ತಿಳಿಯದು. ಈ ಅಂತರದಲ್ಲಿಯೇ ನಮ್ಮ ಉಸಿರು ಬಿಗಿಯುತ್ತದೆ.

ಕಾಳಗ ಮುಗಿದ ಮೇಲೆ ಲಹನಾಸಿಂಹ ತನ್ನ ಮಾರಕ ಗಾಯವನ್ನು ಮರೆಮಾಚಿ, ತಂದೆಮಕ್ಕಳನ್ನು ಗಾಡಿಯಲ್ಲಿ ಕಳುಹಿಸಿಬಿಡುತ್ತಾನೆ. ಸಾಯುವವನ ನೆನಪಿನಲ್ಲಿ ಮಾತ್ರ ಗುಟ್ಟು ಒಡೆಯುತ್ತದೆ: ಸುಬೇದಾರನ ಹೆಂಡತಿ ಆ ಹುಡುಗಿಯೇ, ಗಂಡನನ್ನೂ ಮಗನನ್ನೂ ಕಾಪಾಡೆಂದು ಸೆರಗೊಡ್ಡಿ ಬೇಡಿದ್ದಳು. ಇದನ್ನು ಮೊದಲೇ ಹೇಳಿದ್ದರೆ ನಾವು ಅವನನ್ನು ಹೊಗಳಿ ಸುಮ್ಮನಾಗುತ್ತಿದ್ದೆವು. ಕಡೆಯಲ್ಲಿ ಹೇಳಿದ್ದರಿಂದ ಅವನ ಒಂದೊಂದು ಕೆಲಸವನ್ನೂ ಮತ್ತೆ ನೆನೆದು ಕಣ್ಣೊರಸಿಕೊಳ್ಳುತ್ತೇವೆ. ಕೊನೆಗೆ ಉಳಿಯುವುದು ವೃತ್ತಪತ್ರಿಕೆಯ ಮೃತರ ಪಟ್ಟಿಯಲ್ಲಿ ಅವನ ಹೆಸರು ಮಾತ್ರ.

ಮದನಮೋಹನ ಮಾಳವೀಯರ ಕರೆಗೆ ಓಗೊಟ್ಟು ಗುಲೇರಿಯವರು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದರು. ಆದರೆ 1922ರ ಸೆಪ್ಟೆಂಬರ್ 12ರಂದು, 39ನೆಯ ವಯಸ್ಸಿನಲ್ಲಿ ತೀರಿಕೊಂಡರು. 1960ರಲ್ಲಿ ಈ ಕಥೆ ಚಲನಚಿತ್ರವೂ ಆಯಿತು. ಪಟ್ಟಿಯಲ್ಲಿನ ಒಂದು ಹೆಸರಿನ ಹಿಂದೆ ಇಡೀ ಒಂದು ಬಾಳು ಇರುತ್ತದೆಂದು ತೋರಿಸಿದ ಪಂಡಿತರನ್ನು, ಯುದ್ಧದ ಸುದ್ದಿ ಓದುವ ನಾವು ಮರೆಯಲಾಗದು.