ಫ್ರೆಡರಿಕ್ ಸಮ್ನರ್ ಮೆಕೇ

ಫ್ರೆಡರಿಕ್ ಸಮ್ನರ್ ಮೆಕೇ (೧೮೭೪–೧೯೫೯) ಅಮೆರಿಕ ಸಂಯುಕ್ತ ಸಂಸ್ಥಾನದ ದಂತವೈದ್ಯರು. ಮಕ್ಕಳ ಹಲ್ಲುಗಳ ಮೇಲೆ ಮೂಡುವ ಕಂದು ಕಲೆಗಳಿಗೆ ಕುಡಿಯುವ ನೀರೇ ಕಾರಣವೆಂದು ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಇಂದು ದಂತ ಫ್ಲೋರೋಸಿಸ್ ಎಂದು ಕರೆಯಲಾಗುವ ಈ ತೊಂದರೆಯ ಮೂಲವನ್ನು ಅವರು ಸುಮಾರು ೩೦ ವರ್ಷಗಳ ಕಾಲ ಹುಡುಕಿದರು.

ಆರಂಭಿಕ ಜೀವನ

ಮೆಕೇ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ಜನಿಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಪದವಿ ಪಡೆದು, ೧೯೦೧ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿಯನ್ನು ಆರಂಭಿಸಿದರು.

ಕೊಲರಾಡೋ ಕಂದು ಕಲೆ

ಆ ಊರಿನಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ಕೆಲವರ ಹಲ್ಲು ಪೂರ್ತಿಯಾಗಿ ಚಾಕೊಲೇಟಿನ ಬಣ್ಣಕ್ಕೆ ತಿರುಗಿತ್ತು. ಹಂದಿಮಾಂಸದ ಅತಿ ಸೇವನೆ, ಕಳಪೆ ಹಾಲು ಮುಂತಾದವನ್ನು ಜನರು ಕಾರಣವಾಗಿ ಹೇಳುತ್ತಿದ್ದರು. ಮೆಕೇ ಅವರು ದಂತವೈದ್ಯ ಗ್ರಂಥಗಳಲ್ಲಿ ಹುಡುಕಿದರೂ ಇದರ ವಿವರಣೆ ದೊರೆಯಲಿಲ್ಲ. ಸ್ಥಳೀಯ ದಂತವೈದ್ಯರಲ್ಲಿಯೂ ಮೊದಲಿಗೆ ಆಸಕ್ತಿ ಕಾಣಲಿಲ್ಲ.

೧೯೦೯ರಲ್ಲಿ ಅಂದಿನ ಅತ್ಯಂತ ಪ್ರಸಿದ್ಧ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವರು ಈ ಅಧ್ಯಯನಕ್ಕೆ ಕೈಜೋಡಿಸಿದರು. ಸ್ಥಳೀಯವಾಗಿ ಜನಿಸಿದ ಮಕ್ಕಳಲ್ಲಿ ಶೇಕಡ ೯೦ಕ್ಕೆ ಸಮೀಪದಷ್ಟು ಮಂದಿಗೆ ಕಲೆಗಳಿದ್ದುದು ಸಮೀಕ್ಷೆಯಿಂದ ತಿಳಿಯಿತು. ೧೯೧೫ರಲ್ಲಿ ಬ್ಲ್ಯಾಕ್ ಅವರು ನಿಧನರಾಗುವ ವೇಳೆಗೆ ಇಬ್ಬರೂ ಎರಡು ಮುಖ್ಯ ಸಂಗತಿಗಳನ್ನು ಕಂಡುಕೊಂಡಿದ್ದರು. ಮೊದಲನೆಯದು, ಹಲ್ಲಿನ ಹೊರಕವಚವಾದ ಎನಾಮೆಲ್ ರೂಪುಗೊಳ್ಳುವ ವಯಸ್ಸಿನಲ್ಲಿಯೇ ಈ ದೋಷ ಉಂಟಾಗುತ್ತದೆ. ಶಾಶ್ವತ ಹಲ್ಲು ಬಂದ ಮೇಲೆ ಊರಿಗೆ ಬಂದವರಿಗೆ ಅದು ತಗಲುವುದಿಲ್ಲ. ಎರಡನೆಯದು, ಕಲೆಯಿರುವ ಹಲ್ಲುಗಳು ಹುಳುಕಾಗುವುದು ಕಡಿಮೆ.

ಓಕ್ಲಿ ಮತ್ತು ಬಾಕ್ಸೈಟ್

ನೀರಿನ ಮೇಲೆ ಮೆಕೇ ಅವರಿಗಿದ್ದ ಸಂಶಯಕ್ಕೆ ಐಡಹೋ ರಾಜ್ಯದ ಓಕ್ಲಿ ಎಂಬ ಊರು ಬಲ ನೀಡಿತು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳವೆಯಲ್ಲಿ ನೀರು ತಂದ ಮೇಲೆಯೇ ಮಕ್ಕಳ ಹಲ್ಲು ಕೆಡತೊಡಗಿತೆಂದು ಅಲ್ಲಿನ ತಾಯಂದಿರು ೧೯೨೩ರಲ್ಲಿ ಅವರಿಗೆ ತಿಳಿಸಿದರು. ನೀರಿನ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಆ ನೀರನ್ನು ಬಿಟ್ಟು ಬೇರೆ ಬುಗ್ಗೆಯನ್ನು ಬಳಸುವಂತೆ ಅವರು ಸಲಹೆ ಮಾಡಿದರು. ಊರು ಹಾಗೆಯೇ ನಡೆದುಕೊಂಡಿತು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಬಂದವು. ಹಿರಿಯ ಮಕ್ಕಳ ಹಲ್ಲಿನ ಕಲೆಗಳು ಮಾತ್ರ ಹಾಗೆಯೇ ಉಳಿದವು.

ಮುಂದೆ ಅರ್ಕಾನ್ಸಾಸ್ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನಲ್ಲಿ ಗ್ರೋವರ್ ಕೆಂಪ್ಫ್ ಅವರೊಡನೆ ಅಧ್ಯಯನ ನಡೆಸಿದರು. ಆ ಊರಿನ ಮಾಲೀಕತ್ವ ಅಲ್ಯೂಮಿನಿಯಂ ಕಂಪನಿಯದಾಗಿತ್ತು. ಅಲ್ಯೂಮಿನಿಯಂ ಪಾತ್ರೆಗಳು ವಿಷಕಾರಿ ಎಂಬ ಅಪವಾದ ಬಲವಾದೀತೆಂದು ಚಿಂತಿಸಿದ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಅವರು ನೀರನ್ನು ಹೊಸ ವಿಧಾನದಿಂದ ಪರೀಕ್ಷಿಸಿದರು. ಅದರಲ್ಲಿ ಫ್ಲೋರೈಡ್ ಅಧಿಕವಾಗಿತ್ತು. ೧೯೩೧ರಲ್ಲಿ ಅವರು ಮೆಕೇ ಅವರಿಗೆ ಪತ್ರ ಬರೆದು ಇತರ ಊರುಗಳ ನೀರನ್ನೂ ತರಿಸಿಕೊಂಡು ಪರೀಕ್ಷಿಸಿದರು. ಕಲೆಯಿದ್ದ ಊರುಗಳ ನೀರಿನಲ್ಲೆಲ್ಲ ಫ್ಲೋರೈಡ್ ಹೆಚ್ಚಾಗಿರುವುದು ಖಚಿತವಾಯಿತು.

ಕೊಡುಗೆಯ ಮಹತ್ವ

ಈ ಆಧಾರದ ಮೇಲೆ ಎಚ್. ಟ್ರೆಂಡ್ಲಿ ಡೀನ್ ಅವರು ಫ್ಲೋರೈಡಿನ ಸುರಕ್ಷಿತ ಪ್ರಮಾಣವನ್ನು ಅಧ್ಯಯನ ಮಾಡಿದರು. ೧೯೪೫ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಹಲ್ಲು ಹುಳುಕಾಗದಂತೆ ತಡೆಯಲು ಕುಡಿಯುವ ನೀರಿಗೆ ಅಲ್ಪ ಪ್ರಮಾಣದಲ್ಲಿ ಫ್ಲೋರೈಡ್ ಸೇರಿಸುವ ಯೋಜನೆ ಆರಂಭವಾಯಿತು. ಮೆಕೇ ಅವರು ೧೯೫೯ರಲ್ಲಿ ನಿಧನರಾದರು.

ಕೋಲಾರ, ತುಮಕೂರು, ಗದಗ ಮೊದಲಾದ ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಇಂದಿಗೂ ಫ್ಲೋರೈಡ್ ಸಮಸ್ಯೆಯಿದೆ. ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ ೧ ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ ೧.೫ ಮಿಲಿಗ್ರಾಂವರೆಗೆ ಅವಕಾಶವಿದೆ. ಇಂತಹ ಕಲೆ ತೀವ್ರವಾಗಿರುವ ಹಲ್ಲುಗಳನ್ನು ಸಾಲುಗೂಡಿಸಲು ಕ್ಲಿಪ್ ಹಾಕುವುದೂ ಕಷ್ಟ. ಬ್ರಾಕೆಟ್ ಅಂಟಿಸುವ ಮುನ್ನ ಎನಾಮೆಲನ್ನು ಆಮ್ಲದಿಂದ ಒರಟಾಗಿಸಬೇಕಾಗುತ್ತದೆ. ಫ್ಲೋರೈಡ್ ಸೇರಿದ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಮಣಿಯದ ಕಾರಣ ಬ್ರಾಕೆಟ್ ಕಳಚಿ ಬೀಳುವ ಸಂಭವ ಹೆಚ್ಚು. ಒಮ್ಮೆ ಮೂಡಿದ ದೋಷವನ್ನು ಹಲ್ಲು ಜೀವನಪೂರ್ತಿ ಹೊತ್ತಿರುತ್ತದೆ. ಆದುದರಿಂದ ಮೆಕೇ ಅವರು ಓಕ್ಲಿಯಲ್ಲಿ ಸೂಚಿಸಿದಂತೆ, ಮಕ್ಕಳಿಗೆ ಚಿಕ್ಕಂದಿನಿಂದಲೇ ಸುರಕ್ಷಿತ ನೀರನ್ನು ಒದಗಿಸುವುದೇ ಇದಕ್ಕೆ ಮುಖ್ಯ ಪರಿಹಾರವಾಗಿದೆ.